ದೂರದಿಂದ ನೋಡಿದರೆ ರೇಷ್ಮೆ

ಮಳವಳ್ಳಿ,
12-5-1938

ಲೇ ಚಲುವ,

ನೀನು ಹೇಗಿದ್ದೀಯ ಅಂತ ಆಮೇಲೆ ವಿಚಾರಿಸುತ್ತೇನೆ. ಮೊದಲು ಬಸ್ಸಿನ ಕ್ಲೀನರ್ ತಂದ ಗಂಟನ್ನು ಇಳಿಸಿಕೋ, ಕೈ ತೊಳೆದುಕೊಂಡು ಬಿಚ್ಚು. ಒಂದು ಡಜನ್ ಸೀರೆ ಇವೆ. ನೂಲು ನನ್ನ ಒಲೆಯದು, ನೇಯ್ಗೆ ಕೊಳ್ಳೇಗಾಲದ್ದು.

ನೂಲು ಮಾರುವವನು ಸೀರೆ ಯಾಕೆ ಕಳಿಸಿದ ಅಂತ ನಗಬೇಡ. ಬೆಂಗಳೂರಿನ ವ್ಯಾಪಾರಿಗಳು ಈಗ ನನ್ನ ನೂಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹೋದ ತಿಂಗಳು ಹೊತ್ತುಕೊಂಡು ಹೋದದ್ದನ್ನು ಹಾಗೇ ಹೊತ್ತುಕೊಂಡು ಬಂದೆ. ಒಬ್ಬ ಮಹಾನುಭಾವ ಕೂತುಕೋ ಅಂತಲೂ ಅನ್ನಲಿಲ್ಲ. ಸಿಟ್ಟು ನೆತ್ತಿಗೇರಿತು. ಬರುವ ದಾರಿಯಲ್ಲೇ ತೀರ್ಮಾನ ಮಾಡಿದೆ. ನಾನೇ ನೇಯಿಸುತ್ತೇನೆ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಮೇಷ್ಟ್ರ ಏಟು ತಿಂದವನು ಮಂಡ್ಯ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದಾನೆ, ಅವನು ಮಾರುತ್ತಾನೆ ಅಂತ.

ಬಿಚ್ಚಿ ಹೇಳಿಬಿಡುತ್ತೇನೆ. ನಮ್ಮ ತಾತ ಹಚ್ಚಿದ ನಾಲ್ಕು ಒಲೆಗಳಲ್ಲಿ ಮೂರು ಆರಿವೆ. ಉಳಿದದ್ದು ಒಂದು. ಅದರ ಮುಂದೆ ಅಂಕಮ್ಮ ಕೂತು ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಾಳೆ. ಈ ಸೀರೆಗಳು ದೀಪಾವಳಿ, ರಂಜಾನ್ ಒಳಗೆ ಹೋದರೆ ಆ ಒಲೆ ಉರಿಯುತ್ತದೆ. ಹೋಗದಿದ್ದರೆ ನೀರು ಸುರಿದು ಬಾಗಿಲು ಹಾಕುವುದೇ. ಇನ್ನು ತಾಹೇರಾಳ ಮದುವೆ ಬೇರೆ ಬಂತು. ನಮ್ಮ ಮನೆಯ ಹೆಣ್ಣುಮಕ್ಕಳು ನಿಕಾಹ್ ದಿನ ನಮ್ಮ ಒಲೆಯ ನೂಲಿನ ಕೆಂಪು ಸೀರೆಯನ್ನೇ ಉಡುವುದು. ನಮ್ಮಮ್ಮ ಉಟ್ಟಳು, ಅಕ್ಕ ಸರ್ವರ್ ಬೇಗಂ ಉಟ್ಟಳು. ನನ್ನ ಮಗಳೂ ಉಡಬೇಕು, ಅಷ್ಟೇ.

ಮರೆತೆ. ನಿನ್ನ ಪೇಟೆಯಲ್ಲಿ ಜಪಾನಿನ ಬಣ್ಣದ ಬಾಚಣಿಗೆ ಒಂದಾಣೆಗೆ ಎರಡು ಸಿಗುತ್ತವಂತೆ, ನಮ್ಮ ಮನೆಯವಳು ಶಮೀಮ್ ಯಾರ ಮನೆಯಲ್ಲೋ ನೋಡಿ ಬಂದಿದ್ದಾಳೆ. ಒಂದಷ್ಟು ಕಳಿಸು. ಅರ್ಧ ಡಜನ್ ಪಿಂಗಾಣಿ ಕಪ್ಪು ಸಾಸರೂ ಇರಲಿ. ಅಗ್ಗದ್ದೇ ಹಾಕು. ಕೊಂಬಿನ ಬಾಚಣಿಗೆ ಮಾಡುತ್ತಿದ್ದ ನಮ್ಮ ಬಾಬು ಜಾನ್ ಮಾಮು ಈಗ ಜಗಲಿ ಮೇಲೆ ಕೂತು ಹಗಲೆಲ್ಲ ಬೀಡಿ ಸೇದುತ್ತಾನೆ. ವಯಸ್ಸಾದ ಮೇಲೆ ಸೋಮಾರಿತನ ಹತ್ತಿದೆ.

ಇಂದ್ರಮ್ಮನವರಿಗೆ ನನ್ನ ಸಲಾಂ ಹೇಳು.

ನಿನ್ನ
ನಜೀರ್ ಅಹ್ಮದ್


ಮಂಡ್ಯ,
30-5-1938

ನಜೀರ,

ಕೈ ತೊಳೆದುಕೊಂಡೇ ಬಿಚ್ಚಿದೆ. ಇಂದ್ರ ನಂಬದೆ ಇನ್ನೊಂದು ಸಲ ತೊಳೆಸಿದಳು. ಸೀರೆಗಳು ಬಹಳ ಚೆನ್ನಾಗಿವೆಯಪ್ಪ. ಅಂಗಡಿಗೆ ಬಂದವರಿಗೆ ಮೊದಲು ಕಾಣುವ ಹಾಗೆ ಬಾಗಿಲ ಹತ್ತಿರವೇ ಇಟ್ಟಿದ್ದೇನೆ.

ಆದರೆ ಪೇಟೆ ಮೊದಲಿನ ಹಾಗಿಲ್ಲ. ಸಕ್ಕರೆ ಫ್ಯಾಕ್ಟರಿ ಬಂದ ಮೇಲೆ ಮಂಡ್ಯದಲ್ಲಿ ಜನ ತುಂಬಿದ್ದಾರೆ ನಿಜ. ದುಡ್ಡು ತುಂಬಿಲ್ಲ. ನಾಲೆ ಬಯಲಿನವರು ಭತ್ತ ಕೇಳುವವರಿಲ್ಲ ಅಂತ ಗೊಣಗುತ್ತಾರೆ. ವರ್ಷಕ್ಕೊಂದು ಸಲ ಗಾಡಿ ಕಟ್ಟಿಕೊಂಡು ಬಂದು ಮನೆಮಂದಿಗೆಲ್ಲ ಬಟ್ಟೆ ಹರಿಸುತ್ತಿದ್ದ ಕೊತ್ತತ್ತಿಯ ಚಿಕ್ಕಬೋರಯ್ಯ ಈ ಸಲ ಬಾಗಿಲಲ್ಲೇ ನಿಂತು, "ಅಗ್ಗದ್ದು ಏನದೆ ಅದ ತಗೀರಿ, ಮಿಕ್ಕುದ್ದ ತೋರುಸ್ಲೇ ಬ್ಯಾಡಿ, ಆಸೆ ಅತ್ಕಂಡಾತು" ಅಂದರು. ನಾನು ಬಿಡದೆ ನಿನ್ನ ಸೀರೆಯೊಂದನ್ನು ಕೈಗೆ ಕೊಟ್ಟೆ. "ಮುಟ್ಟುದ್ರೆ ಬುಡಕ್ಕಾಗ್ದು ಕಣಪ್ಪ" ಅಂದು, ಬಿಟ್ಟು, ಎರಡು ಜಪಾನ್ ಟವಲು ತೆಗೆದುಕೊಂಡು ಹೋದರು.

ಶಿವಪುರದಲ್ಲಿ ಕಾಂಗ್ರೆಸ್ ಬಾವುಟದ ಗಲಾಟೆ ಆದಾಗಿನಿಂದ ಖಾದಿ ಟೋಪಿಯ ಹುಡುಗರು ಅಂಗಡಿ ಮುಂದೆ ನಿಂತು, ಪರದೇಶದ ಬಟ್ಟೆ ಮುಟ್ಟಬೇಡಿ ಎಂದು ಭಾಷಣ ಮಾಡುತ್ತಾರೆ. ಜನ ಕೈಕಟ್ಟಿ ಕೇಳುತ್ತಾರೆ. ಭಾಷಣ ಮುಗಿದ ಮೇಲೆ ಒಳಗೆ ಬಂದು ಅದನ್ನೇ ಕೇಳುತ್ತಾರೆ. ಖಾದಿಯ ಬೆಲೆ ಕೇಳಿದರೆ ಅವರಿಗೆ ಜ್ವರ ಬರುತ್ತದೆ.

ಪಕ್ಕದ ಅಂಗಡಿಯವನು ಜಪಾನಿನ ನಕಲಿ ರೇಷ್ಮೆ ತಂದು ಸುರಿದಿದ್ದಾನೆ. ಮೂರು ರೂಪಾಯಿಗೆ ಒಂದು ಸೀರೆ. ದೂರದಿಂದ ನೋಡಿದರೆ ರೇಷ್ಮೆಯೇ. ಮದುವೆಗೆ ಬಂದವರೆಲ್ಲ ದೂರದಿಂದ ನೋಡುವವರೇ ಅಲ್ಲವೇ, ಹಾಗಾಗಿ ಅದು ನಡೆಯುತ್ತಿದೆ. ನಾವು ಸ್ವಲ್ಪ ಕಾಯಬೇಕು.

ಬಾಚಣಿಗೆ, ಕಪ್ಪು ಕಳಿಸಿದ್ದೇನೆ.

ಚಲುವರಾಜು


ಮಳವಳ್ಳಿ,
2-8-1938

ಚಲುವ,

ನಿನ್ನ ಕಪ್ಪುಗಳಲ್ಲಿ ಎರಡು ದಾರಿಯಲ್ಲೇ ಒಡೆದಿದ್ದವು. ಪರವಾಗಿಲ್ಲ, ಆ ಬೆಲೆಗೆ ಇನ್ನೇನು ಬಂದೀತು. ತಾಹೇರಾ ಬಾಚಣಿಗೆ ತಲೆಯಿಂದ ತೆಗೆಯುವುದೇ ಇಲ್ಲ.

ಸೀರೆಗಳ ಸಮಾಚಾರ ಏನಯ್ಯಾ? ಮೇ ಹೋಯಿತು, ಜೂನ್ ಹೋಯಿತು, ಜುಲೈ ಹೋಯಿತು. ನಿನ್ನ ಕಡೆಯಿಂದ ಒಂದು ಕಾರ್ಡೂ ಇಲ್ಲ. ಟಪಾಲಿನವನು ನಮ್ಮ ಬೀದಿಗೆ ಬಂದಾಗೆಲ್ಲ ನಾನು ಬಾಗಿಲಿಗೆ ಬಂದು ನಿಲ್ಲುವುದನ್ನು ನೋಡಿ ಈಗ ಅವನೇ ದೂರದಿಂದ ಕೈಯಾಡಿಸಿ ಇಲ್ಲ ಅನ್ನುತ್ತಾನೆ. ಗೂಡು ಬೆಳೆದ ರೈತರು ಕುಕ್ಕೆ ಹೊತ್ತುಕೊಂಡು ಬಂದು ಜಗಲಿ ಮೇಲೆ ಕೂರುತ್ತಾರೆ. ಕೊಂಡುಕೊಳ್ಳಲು ನನ್ನ ಕೈಯಲ್ಲಿ ಏನಿದೆ? ನೀರು ಕೊಡು ಅಂತಾರೆ, ಕೊಡುತ್ತೇನೆ. ಅದೊಂದೇ ನನ್ನಿಂದ ಆಗುವುದು.

ನಕಲಿ ರೇಷ್ಮೆಯ ವಿಷಯ ಓದಿ ಮೈ ಉರಿದುಹೋಯಿತು. ಅದನ್ನು ಮರದ ತಿರುಳು ಅರೆದು ಮಾಡುತ್ತಾರಂತೆ. ಮರ ಉಟ್ಟುಕೊಂಡು ಓಡಾಡುವ ಜನಕ್ಕೆ ಏನು ಹೇಳುವುದು! ನಿನ್ನ ಪಕ್ಕದ ಅಂಗಡಿಯವನಿಗೆ ನನ್ನ ಹೆಸರು ಹೇಳಿ ಚೆನ್ನಾಗಿ ಉಗಿ. ನೀನಾದರೂ ಅಂಥದನ್ನು ಹೊಸಿಲು ದಾಟಿಸಿಲ್ಲವಲ್ಲ, ಅದೇ ನನಗೆ ಧೈರ್ಯ.

ಒಂದೂ ಹೋಗಿಲ್ಲವೆಂದರೆ ಎಲ್ಲೋ ದೋಷ ಇರಬೇಕು. ಬಣ್ಣವೋ, ಅಂಚೋ, ನೂಲೋ? ನನಗೆ ನೋವಾದೀತು ಅಂತ ಮುಚ್ಚಿಡಬೇಡ. ಇದ್ದದ್ದು ಇದ್ದ ಹಾಗೆ ಬರೆ. ಸರಿಮಾಡಿಕೊಳ್ಳುತ್ತೇನೆ.

ನಜೀರ್


ಮಂಡ್ಯ,
20-8-1938

ನಜೀರ,

ತಡವಾಯಿತು, ಬೈಯಬೇಡ. ಒಂದು ಸೀರೆ ಹೋಯಿತು, ಆ ಕೆಂಪಿನದು. ನೀನು ಹೇಳಿದ ಬೆಲೆಗೇ ಹೋಯಿತು, ಒಂದು ಕಾಸೂ ಚೌಕಾಸಿ ಇಲ್ಲ. ಹಣ ಮನಿಯಾರ್ಡರ್ ಮಾಡಿದ್ದೇನೆ. ಕೊಂಡವರು ಒಳ್ಳೆಯ ಜನ.

ಮಿಕ್ಕವು ನಿಧಾನ. ನೀನು ಇಷ್ಟು ಒತ್ತಿ ಕೇಳಿದ್ದರಿಂದ ಹೇಳುತ್ತೇನೆ. ಒಬ್ಬಿಬ್ಬರು ಗಿರಾಕಿಗಳು ನೂಲು ಅಲ್ಲಲ್ಲಿ ಗಂಟು ಗಂಟು ಅಂದರು. ನನಗೇನೂ ಹಾಗೆ ಕಾಣಲಿಲ್ಲ. ಅವರು ಅಂದದ್ದನ್ನು ಬರೆದಿದ್ದೇನೆ, ಅಷ್ಟೇ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಫ್ಯಾಕ್ಟರಿ ಕಡೆಯ ಗಿರಾಕಿಗಳು ಬಂದು ನಿಂತಿದ್ದಾರೆ, ಇಲ್ಲಿಗೆ ಮುಗಿಸುತ್ತೇನೆ.

ಚಲುವರಾಜು


ಮಳವಳ್ಳಿ,
5-9-1938

ಚಲುವ,

ನೀನು ಬರೆದದ್ದು ಒಳ್ಳೆಯದಾಯಿತು. ಗೆಳೆಯ ಅಂದರೆ ಹೀಗಿರಬೇಕು, ಕೆಟ್ಟದ್ದನ್ನೂ ಮುಖಕ್ಕೆ ಹೇಳಬೇಕು.

ಪತ್ರ ಬಂದ ದಿನವೇ ಮನೆಯಲ್ಲಿದ್ದ ನೂಲನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು ನೋಡಿದೆ. ಸಿಕ್ಕಿತು! ನಿನ್ನ ಗಿರಾಕಿಗಳು ಹೇಳಿದ್ದು ಸುಳ್ಳಲ್ಲ. ಅಲ್ಲೊಂದು ಇಲ್ಲೊಂದು ಗಂಟು. ಇಷ್ಟು ತಿಂಗಳು ನನ್ನ ತಲೆ ತಿಂದ ಪ್ರಶ್ನೆಗೆ ಉತ್ತರ ನನ್ನ ಒಲೆಯ ಮುಂದೆಯೇ ಕೂತಿತ್ತು.

ಅಂಕಮ್ಮನನ್ನು ಕರೆದು ತೋರಿಸಿದೆ. ತಪ್ಪಾಯಿತು ಅಂದಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಅವಳು ಬಿಸಿನೀರಿನಿಂದ ಕೈ ತೆಗೆದು ಸೊಂಟದ ಮೇಲೆ ಇಟ್ಟುಕೊಂಡು, "ನೀವು ಅಗ್ಗ ಅಂತ ಕೆಟ್ಟಿರೋ ಗೂಡ ತಂದ್ ಸುರುದ್ರೆ, ಗಂಟ್ ಬರ್ದೆ ಚಿನ್ನದೆಳೆ ಬಂದಾತಾ ಸಾಬ್ರೆ?" ಅಂದಳು. ನನಗೆ ತಡೆಯಲಿಲ್ಲ. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಚುರುಕಾಗಿದೆ. ನಾಳೆಯಿಂದ ಬರಬೇಡ ಅಂದುಬಿಟ್ಟೆ.

ಶಮೀಮ್ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಮಗಳ ಮದುವೆ ಗೊತ್ತಾಗಿರುವ ಹೆಂಗಸನ್ನು ಈಗ ಬಿಡಿಸುವುದಾ ಅಂತ ಅವಳ ಸಿಟ್ಟು. ನಾನೇನು ಖುಷಿಗೆ ಮಾಡಿದೆನಾ? ಒಲೆ ಉಳಿಯಬೇಕಲ್ಲ. ಈಗ ಮಲ್ಲಿಗಮ್ಮ ಅಂತ ಇನ್ನೊಬ್ಬಳನ್ನು ಕೂರಿಸಿದ್ದೇನೆ, ಕೂಲಿಯೂ ಕಡಿಮೆ. ಮುಂದಿನ ಸೀರೆಯಲ್ಲಿ ಗಂಟು ಹುಡುಕಿದರೂ ಸಿಕ್ಕದು ಅಂತ ನಿನ್ನ ಗಿರಾಕಿಗಳಿಗೆ ಹೇಳು.

ನಜೀರ್


ಮಂಡ್ಯ,
24-9-1938

ಅಯ್ಯೋ ಪುಣ್ಯಾತ್ಮ,

ಅಂಕಮ್ಮನನ್ನು ಯಾಕೆ ಬಿಡಿಸಿದೆ? ಯಾರೋ ಒಬ್ಬಿಬ್ಬರು ಏನೋ ಅಂದರು ಅಂತ ಬರೆದರೆ ಅಷ್ಟಕ್ಕೇ ಕೆಲಸದಿಂದ ತೆಗೆದುಬಿಡುವುದಾ? ಆ ಗಂಟು ದೊಡ್ಡ ವಿಷಯವಲ್ಲ. ವಿಷಯ ಬೇರೆಯೇ ಇದೆ. ಮೊದಲು ಅವಳನ್ನು ವಾಪಸು ಕರೆ.

ದಸರಾ ವ್ಯಾಪಾರ ಶುರುವಾಗಿದೆ, ಉಸಿರಾಡಲು ಬಿಡುವಿಲ್ಲ. ಮುಗಿದ ಮೇಲೆ ಎಲ್ಲ ವಿವರವಾಗಿ ಬರೆಯುತ್ತೇನೆ.

ಚಲುವರಾಜು


ಮಳವಳ್ಳಿ,
5-12-1938

ಶ್ರೀಮಾನ್ ಚಲುವರಾಜು ಅವರಿಗೆ,

ಇನ್ನು ಮೇಲೆ ನಿಮಗೆ ಬಹುವಚನ. ಮಂಡ್ಯದ ದೊಡ್ಡ ವ್ಯಾಪಾರಿಗಳು, ಏಕವಚನ ಚೆನ್ನಾಗಿರುವುದಿಲ್ಲ. ದಸರಾ ಮುಗಿಯಿತು, ದೀಪಾವಳಿ ಮುಗಿಯಿತು, ನಮ್ಮ ಹಬ್ಬವೂ ಮುಗಿಯಿತು. ನೀವು ವಿವರವಾಗಿ ಬರೆಯುತ್ತೇನೆ ಅಂದ ಪತ್ರ ಬರಲಿಲ್ಲ. ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ವಿವರ ನನಗೆ ಪೂರಿಗಾಲಿಯಲ್ಲೇ ಸಿಕ್ಕಿತು.

ಹೋದ ವಾರ ಅಲ್ಲಿ ಅಂಕಮ್ಮನ ಮಗಳು ಸೋಮಮ್ಮನ ಮದುವೆ. ಗಂಡಿನ ಊರು ಅದು. ಕೆಲಸ ಬಿಡಿಸಿದವನನ್ನು ಯಾರಾದರೂ ಮದುವೆಗೆ ಕರೆಯುತ್ತಾರಾ? ಅವಳು ಕರೆದಿದ್ದಳು. ನಾನು ಹೋಗಲ್ಲ ಅಂದೆ. "ನಮ್ಮ ಒಲೆಯ ಮುಂದೆ ಬೆಂದವಳು, ಹೋಗಿ ಬನ್ನಿ" ಅಂತ ಶಮೀಮ್ ಹಿಂದೆ ಬಿದ್ದು ಕಳಿಸಿದಳು.

ಚಪ್ಪರದಲ್ಲಿ ಹುಡುಗಿ ಮಿರಮಿರ ಮಿಂಚುತ್ತ ಕೂತಿದ್ದಳು. ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಅಂಕಮ್ಮ ನನ್ನ ನೂಲು ಕದ್ದು ನೇಯಿಸಿದ್ದಾಳೆ ಅಂತ! ಅವಳನ್ನು ಪಕ್ಕಕ್ಕೆ ಕರೆದು, ಇದು ಯಾವ ರೇಷ್ಮೆ ಅಂತ ಕೇಳಿಯೂಬಿಟ್ಟೆ. ಅವಳು ಹೋಗಿ ಮಗಳ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ತಂದು ನನ್ನ ಕೈಗೆ ಕೊಟ್ಟಳು. ಬೆಂಕಿಕಡ್ಡಿ ಗೀರಿ ಹಿಡಿದೆ. ರೇಷ್ಮೆಯಾಗಿದ್ದರೆ ಮುದುಡಿಕೊಂಡು ಕೂದಲು ಸುಟ್ಟ ವಾಸನೆ ಬರಬೇಕು. ಇದು ಕಾಗದದ ಹಾಗೆ ಭಗ್ ಅಂತ ಉರಿದುಹೋಯಿತು.

"ಎಲ್ಲಿ ತಂದೆ?" ಅಂದೆ.

"ಮಂಡ್ಯದಲ್ಲಿ, ನಿಮ್ ಸ್ನೇಯಿತ್ರು ಚಲುವರಾಜಪ್ಪೋರ ಅಂಗ್ಡೀಲಿ. ಫ್ಯಾಕ್ಟ್ರೀಲಿರೋ ನನ್ ತಮ್ಮ ಕರ್ಕಂಡೋಗಿದ್ದ. ರಾಸಿ ಆಕವ್ರೆ ಸಾಬ್ರೆ, ಜನ ಮುಗಿಬಿದ್ದು ತಗತಾವ್ರೆ."

"ನನ್ನ ಸೀರೆ ಅಲ್ಲಿ ಕಾಣಲಿಲ್ಲವಾ?"

"ಕಂಡ್ವು. ಮೇಗಡೆ ಅಟ್ಟದ ಮ್ಯಾಲೆ ಗಂಟ್ ಕಟ್ಟಿ ಇಕ್ಕವ್ರೆ. ನಮ್ಮನೆ ಗಂಟ್ ಬಟ್ಟೆ ನಂಗೊತ್ತಾಗಕಿಲ್ವಾ?"

ಬಾಗಿಲ ಹತ್ತಿರ ಇಟ್ಟಿದ್ದೇನೆ ಅಂತ ಬರೆದಿರಲ್ಲ ಸ್ವಾಮಿ, ಯಾವ ಬಾಗಿಲು ಅದು? ಅಟ್ಟದ ಬಾಗಿಲೇ?

ನನಗೆ ಯಾರ ಮೇಲೆ ಸಿಟ್ಟು ಅಂತ ತಿಳಿಯಲಿಲ್ಲ. ಅವಳ ಮೇಲೇ ಹಾಯ್ದೆ. ಇಷ್ಟು ವರ್ಷ ರೇಷ್ಮೆ ಬಿಚ್ಚಿದವಳು ಮಗಳಿಗೆ ಇದನ್ನು ಉಡಿಸಿದೆಯಲ್ಲ, ನಾಚಿಕೆ ಆಗಲಿಲ್ಲವಾ ಅಂದೆ. ಮದುವೆ ಮನೆಯಲ್ಲಿ ಅನ್ನುವ ಮಾತಾ ಅದು! ಅವಳು ಕೂಗಾಡಲಿಲ್ಲ. "ಬಿಚ್ಚಕ್ಕೆ ಕೊಟ್ರಿ, ಬಿಚ್ದೆ. ಉಡಕ್ಕೆ ಯಾವತ್ ಕೊಟ್ಟಿದ್ರಿ ಸಾಬ್ರೆ? ನೀವ್ ಕೆಲ್ಸ ಬುಡುಸ್ದಾಗ ನಂಗೆ ನಾಚ್ಕೆ ಆಗ್ಲಿಲ್ಲ, ವೊಟ್ಟೆ ಅಸೀತು. ಬನ್ನಿ, ಊಟಕ್ಕೆ ಕುಂತ್ಕಳಿ" ಅಂದಳು. ಕೂತೆ.

ಲೇ ಚಲುವ, ನೂಲು ಗಂಟು ಅಂದೆಯಲ್ಲೋ! ನನ್ನ ಸೀರೆ ಬಿಚ್ಚಿ ತೋರಿಸದೆಯೇ ಗಂಟು ಅಂದೆಯಲ್ಲೋ! ನಕಲಿ ಮಾಲು ಮಾರುತ್ತಿದ್ದೇನೆ ಅಂತ ಒಂದು ಸಾಲು ಬರೆದಿದ್ದರೆ ನಿನ್ನನ್ನು ಬೈದು, ಆರು ತಿಂಗಳ ಹಿಂದೆಯೇ ಬೇರೆ ದಾರಿ ನೋಡಿಕೊಳ್ಳುತ್ತಿದ್ದೆ. ನಿನ್ನ ಮಾತು ನಂಬಿ ಹಬ್ಬ ಕಾದೆ, ಆ ಹೆಂಗಸಿನ ಕೂಲಿ ಕಿತ್ತುಕೊಂಡೆ. ನನ್ನ ಸೀರೆಗಳನ್ನು ಇದೇ ವಾರ ವಾಪಸು ಕಳಿಸು. ನಿನ್ನ ಅಟ್ಟದಲ್ಲಿ ಅವು ಒಂದು ದಿನವೂ ಇರಕೂಡದು.

ನಜೀರ್ ಅಹ್ಮದ್


ಮಂಡ್ಯ,
11-12-1938

ನಜೀರ,

ಹನ್ನೊಂದು ಸೀರೆ ಕಳಿಸಿದ್ದೇನೆ. ಮಡಿಕೆ ಕೆಟ್ಟಿಲ್ಲ, ನೋಡಿಕೋ.

ಗಂಟು ಅಂತ ಬರೆದದ್ದು ಸುಳ್ಳು. ಯಾವ ಗಿರಾಕಿಯೂ ಅನ್ನಲಿಲ್ಲ. ನೀನೇ ನೂಲಿನಲ್ಲಿ ದೋಷವೋ ಅಂತ ಕೇಳಿದೆ, ನನಗೆ ಅದೇ ಸಲೀಸಾಗಿ ಕಂಡಿತು, ಹೂಂ ಅಂದೆ. ಜನಕ್ಕೆ ನಿನ್ನ ರೇಷ್ಮೆ ಬೇಡವಾಗಿದೆ ಅಂತ ಬರೆಯಲು ನನ್ನ ಕೈ ಬರಲಿಲ್ಲ. ಗಂಟಾದರೆ ಬಿಡಿಸಿಕೊಳ್ಳಬಹುದು, ಇದನ್ನು ಏನು ಮಾಡುತ್ತಿದ್ದೆ ನೀನು? ಆದರೂ ಕೇಳು. ಸುಳ್ಳು ಬರೆದವನು ನಾನು, ಅಂಕಮ್ಮನನ್ನು ಬಿಡಿಸಿದವನು ನೀನು. ಕೆಟ್ಟ ಗೂಡು ತಂದು ಸುರಿದೆ ಅಂತ ಅವಳು ಮುಖಕ್ಕೆ ಹೇಳಿದಳು ಅಂತ ನೀನೇ ಬರೆದಿದ್ದೀಯ. ಅವಳ ಮಾತು ಯಾಕೆ ಕೇಳಲಿಲ್ಲ?

ನಕಲಿ ಮಾರುತ್ತೇನೆ, ಹೌದು. ಪಕ್ಕದ ಅಂಗಡಿಯವನು ಶುರುಮಾಡಿದ ತಿಂಗಳಲ್ಲೇ ನಾನೂ ತರಿಸಿದೆ. ಬೆಳಗಿನಿಂದ ಸಂಜೆವರೆಗೆ ನೊಣ ಹೊಡೆದುಕೊಂಡು ಕೂತು, ಸಂಜೆ ಹೊತ್ತಿಗೆ ನನ್ನ ಹಳೆಯ ಗಿರಾಕಿಗಳು ಪಕ್ಕದ ಮೆಟ್ಟಿಲಿಂದ ಗಂಟು ಹಿಡಿದು ಇಳಿಯುವುದನ್ನು ನೋಡಿದ್ದೀಯಾ ನೀನು? ನಾನು ನೋಡಿದೆ. ಬಾಡಿಗೆ ಕೊಡಬೇಕು, ಮನೆ ನಡೆಯಬೇಕು.

ಇನ್ನೊಂದು ಮಾತು, ಸಿಟ್ಟು ಬಂದರೆ ಬರಲಿ. ನನ್ನ ಹತ್ತಿರ ಅಗ್ಗದ ಮಾಲು ತರಿಸಿಕೊಂಡವರಲ್ಲಿ ಮೊದಲನೆಯವನು ಯಾರು? ಜಪಾನಿನ ಬಾಚಣಿಗೆ ಒಂದಾಣೆಗೆ ಎರಡು, ಅಗ್ಗದ್ದೇ ಹಾಕು ಅಂತ ಬರೆದವನು ಯಾರು? ಅದೇ ಪತ್ರದಲ್ಲಿ, ಬಾಬು ಜಾನ್ ಮಾಮು ಕೆಲಸ ಬಿಟ್ಟು ಸೋಮಾರಿಯಾಗಿ ಬೀಡಿ ಸೇದುತ್ತಾನೆ ಅಂತಲೂ ಬರೆದೆ. ಅವನು ಮಾಡುತ್ತಿದ್ದುದು ಏನನ್ನು ನಜೀರ? ಬಾಚಣಿಗೆಯನ್ನೇ ಅಲ್ಲವಾ? ನಿನ್ನ ಸ್ವಂತ ಮಾಮು ಎದುರುಗಡೆ ಜಗಲಿಯಲ್ಲಿ ಕೂತಿರುವಾಗ ಅವನ ಮುಂದೆಯೇ ನಿನ್ನ ಮಗಳು ಜಪಾನ್ ಬಾಚಣಿಗೆ ಮುಡಿದು ಓಡಾಡಿದಳು. ಅವನು ನಿನಗೆ ಪತ್ರ ಬರೆದು ಬೈದನಾ? ನಿನ್ನ ಸೀರೆ ಕೊಳ್ಳದವರೂ ನಿನ್ನಂಥವರೇ. ಕೆಟ್ಟವರಲ್ಲ. ಕೈ ಸಾಗುತ್ತಿಲ್ಲ, ಮಕ್ಕಳ ಆಸೆ ಬಿಡಲಾಗುತ್ತಿಲ್ಲ.

ಬೈಯುವುದಿದ್ದರೆ ಏಕವಚನದಲ್ಲೇ ಬೈ. ಬಹುವಚನ ಬೇಡ.

ಚಲುವರಾಜು


ಮಳವಳ್ಳಿ,
3-3-1939

ಚಲುವರಾಜು,

ಉತ್ತರ ಬರೆಯಬಾರದು ಅಂತಲೇ ಇದ್ದೆ. ಇಷ್ಟು ದಿನ ಹಾಗೇ ನಡೆಸಿದೆ. ಈಗ ಕೆಲಸ ಬಿದ್ದಿದೆ, ಬರೆಯುತ್ತಿದ್ದೇನೆ.

ಒಲೆ ಆರಿತು. ನೀನು ಕಳಿಸಿದ ಸೀರೆಗಳನ್ನು ಕೊಳ್ಳೇಗಾಲದ ವ್ಯಾಪಾರಿಯೊಬ್ಬನಿಗೆ ನೂಲಿನ ಬೆಲೆಗಿಂತ ಕಡಿಮೆಗೆ ಹಾಕಿ, ಗೂಡಿನ ರೈತರ ಬಾಕಿ ತೀರಿಸಿದೆ. ಅಂಕಮ್ಮನ ಮನೆಗೆ ಹೋಗಿ ವಾಪಸು ಬಾ ಅಂದಿದ್ದೆ. ಸಂಕ್ರಾಂತಿ ಕಳೆದ ಮೇಲೆ ಬಂದಳು. ಬಾನಿ ತೊಳೆದು, ಒಲೆ ಬೂದಿ ತೆಗೆದು, "ಗೂಡೆಲ್ಲಿ?" ಅಂದಳು. ಗೂಡು ತರಲು ನನ್ನ ಹತ್ತಿರ ದುಡ್ಡಿರಲಿಲ್ಲ. ಅವಳು ತೊಳೆದ ಬಾನಿಯನ್ನು ಬೋರಲು ಹಾಕಿ ಹೋದಳು. ಈಗ ರಸ್ತೆ ಕೆಲಸಕ್ಕೆ ಹೋಗುತ್ತಾಳಂತೆ.

ಬಾಬು ಜಾನ್ ಮಾಮುವಿನ ಹತ್ತಿರ ಹೋಗಿ ಒಂದು ಬಾಚಣಿಗೆ ಮಾಡಿಕೊಡು ಅಂದೆ. ಕೊಂಬು ತರಿಸಿ ವರ್ಷವಾಯಿತು ಕಣೋ ಅಂದ. ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನೀನು ಬರೆದದ್ದು ನಿಜ. ನಿಜ ಅಂತ ಒಪ್ಪಿದರೆ ಸಿಟ್ಟು ಹೋಗುತ್ತದೆ ಅಂದುಕೊಂಡೆ, ಅದು ಹೋಗಿಲ್ಲ.

ಕೆಲಸದ ವಿಷಯ. ತಾಹೇರಾಳ ನಿಕಾಹ್ ಮೇ ತಿಂಗಳಿಗೆ ಗೊತ್ತಾಗಿದೆ. ಹುಡುಗ ಮದ್ದೂರಿನವನು, ಮೆಹಬೂಬ್ ಪಾಷಾ, ಮೋಟಾರ್ ಮೆಕ್ಯಾನಿಕ್. ಒಳ್ಳೆಯ ಸಂಬಂಧ. ಅವಳಿಗೆ ಒಂದು ಕೆಂಪು ಸೀರೆ ಬೇಕು. ನಿನ್ನ ಮೂರು ರೂಪಾಯಿಯದೇ. ದೂರದಿಂದ ನೋಡಿದರೆ ರೇಷ್ಮೆ ಹಾಗೆ ಕಾಣಬೇಕು. ಈ ಸಾಲು ಬರೆಯುವಷ್ಟರಲ್ಲಿ ನನ್ನ ಲೇಖನಿ ಎಷ್ಟು ಸಲ ನಿಂತಿತು ಅಂತ ನಿನಗೆ ಹೇಳುವುದಿಲ್ಲ.

ನಜೀರ್ ಅಹ್ಮದ್


ಮಂಡ್ಯ,
14-3-1939

ನಜೀರ,

ಸೀರೆ ಕಳಿಸಿದ್ದೇನೆ. ಕೆಂಪು. ಮೂರು ರೂಪಾಯಿಯದೇ. ದುಡ್ಡು ಯಾವಾಗಲಾದರೂ ಕೊಡು. ತಾಹೇರಾಗೆ ಇಂದ್ರ ಒಳ್ಳೆಯದಾಗಲಿ ಅಂದಿದ್ದಾಳೆ.

ಚಲುವರಾಜು


ಮಳವಳ್ಳಿ,
2-4-1939

ಲೇ ಚಲುವ,

ನೀನು ಸುಳ್ಳು ಹೇಳುವುದನ್ನು ಸಾಯುವವರೆಗೂ ಬಿಡುವುದಿಲ್ಲ.

ಗಂಟಿನೊಳಗೆ ಕೈ ಹಾಕಿದ ಕೂಡಲೇ ಬೆರಳಿಗೆ ಗೊತ್ತಾಯಿತು. ಬೆರಳನ್ನು ನಂಬಿದೆ, ನಿನ್ನನ್ನು ನಂಬಲಿಲ್ಲ. ಸೆರಗಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಕೂದಲು ಸುಟ್ಟ ವಾಸನೆ ಬಂತು. ಹರಡಿ ನೋಡಿದೆ. ಅಂಚಿನ ಹತ್ತಿರ ಅಂಕಮ್ಮನ ಒಂದು ಗಂಟೂ ಇದೆ. ಆಗಸ್ಟಿನಲ್ಲಿ ಕೆಂಪಿನದು ಹೋಯಿತು, ಕೊಂಡವರು ಒಳ್ಳೆಯ ಜನ ಅಂತ ಬರೆದೆಯಲ್ಲ, ಆ ಒಳ್ಳೆಯ ಜನ ನೀನೇ. ಒಂದು ಕಾಸು ಚೌಕಾಸಿ ಮಾಡದೆ ಪೂರ್ತಿ ಬೆಲೆ ಕಳಿಸಿದ್ದೆ. ಇಂದ್ರಮ್ಮನವರು ಒಂದು ದಿನವೂ ಉಟ್ಟಿಲ್ಲ, ಮಡಿಕೆ ಹಾಗೇ ಇದೆ. ನಾನು ಒಲೆ ಇದ್ದ ಕೋಣೆಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತೆ. ನಿನಗೆ ಬರೆಯಲು ನಾಚಿಕೆಯೇನು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕಣ್ಣೊರೆಸಿಕೊಂಡು ಹೋಗಿ ತಾಹೇರಾ ಕೈಗೆ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಬ್ಬಾ, ಇದು ಹೊಳೆಯುವುದೇ ಇಲ್ಲವಲ್ಲ! ಸೋಮಮ್ಮ ಹಬ್ಬಕ್ಕೆ ಬಂದಾಗ ಉಟ್ಟಿದ್ದಳಲ್ಲ, ಅಂಥದ್ದು ಅಲ್ಲವಾ?" ಅಂದಳು. ಅವಳ ಮುಖ ಸಣ್ಣದಾಯಿತು. ಶಮೀಮ್ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಕೂಗಾಡಿದೆ. ತಾತನ ಒಲೆ, ಅಜ್ಜಿಯ ಸೀರೆ ಎಲ್ಲ ಹೇಳಿದೆ. ಹುಡುಗಿ ಎದುರಾಡದೆ, "ಆಯಿತು ಅಬ್ಬಾ, ಇದನ್ನೇ ಉಡುತ್ತೇನೆ" ಅಂದಳು. ಅದನ್ನು ಅವಳು ಅಂದ ರೀತಿ ಕೇಳಿ ಸೀರೆ ಮಡಿಸಿ ಎತ್ತಿಟ್ಟೆ.

ಆದ್ದರಿಂದ ಹೊಳೆಯುವುದೊಂದು ಕಳಿಸು. ಈ ಸಲ ದಮ್ಮಯ್ಯ, ನಕಲಿಯನ್ನೇ ಕಳಿಸು.

ಇದನ್ನು ವಾಪಸು ಕಳಿಸಲು ಮನಸ್ಸಿಲ್ಲ. ಅಂಕಮ್ಮನಿಗೆ ಕೊಡೋಣ ಅಂತ ಶಮೀಮ್ ಹೇಳುತ್ತಾಳೆ. ಉಡಲು ಯಾವತ್ತು ಕೊಟ್ಟಿದ್ದಿರಿ ಅಂತ ಕೇಳಿದಳಲ್ಲ ಅವಳು. ಸೀರೆ ನಿನ್ನದು, ನೀನು ದುಡ್ಡು ಕೊಟ್ಟು ಕೊಂಡದ್ದು. ಬೇಡ ಅಂದರೆ ಒಂದು ಕಾರ್ಡು ಹಾಕು.

ನಿನ್ನ ನಜೀರ


ಮಳವಳ್ಳಿ,
10-8-1939

ಚಲುವ,

ಒಲೆ ಬಿಟ್ಟು ನಾನೂ ಸಂತೆ ವ್ಯಾಪಾರಿಯಾದೆ ನೋಡು, ನೀನು ಕಳಿಸಿದ ನಕಲಿ ಸೀರೆಗಳು ಹೋಗುತ್ತಿವೆ. ಹೂವಿನದು ಮೊದಲು ಖಾಲಿ. ಒಲೆಯ ಕೋಣೆಯಲ್ಲೇ ಮಡಿಸಿ ಇಟ್ಟಿದ್ದೇನೆ, ಬೇರೆ ಜಾಗವಿಲ್ಲ. ಗೋಡೆಯಲ್ಲಿ ಇನ್ನೂ ಗೂಡು ಬೇಯಿಸಿದ ವಾಸನೆ ಇದೆ. ಗಿರಾಕಿಗಳು ಮೂಗು ಮುಚ್ಚಿಕೊಂಡು ಆರಿಸುತ್ತಾರೆ.

ನಿಕಾಹ್ ದಿನ ನೀನು ಗಡಿಬಿಡಿಯಲ್ಲಿ ಹೊರಟುಬಿಟ್ಟೆ, ಮೊನ್ನೆ ನಿನ್ನ ಅಂಗಡಿ ತುಂಬ ಗಿರಾಕಿಗಳಿದ್ದರು, ಹೇಳಲಾಗಲಿಲ್ಲ. ಬಂದ ಹೆಂಗಸರೆಲ್ಲ ತಾಹೇರಾಳ ಸೀರೆ ಮುಟ್ಟಿ ಮುಟ್ಟಿ ಹೊಗಳಿದರಂತೆ. ಅಂಕಮ್ಮ ನಾವು ಕೊಟ್ಟ ಕೆಂಪು ರೇಷ್ಮೆ ಉಟ್ಟು ಅವರ ಮಧ್ಯೆಯೇ ಕೂತಿದ್ದಳು. ಅವಳದನ್ನು ಯಾರೂ ಕೇಳಲಿಲ್ಲ.

ಮೊನ್ನೆ ನಿನ್ನ ಹತ್ತಿರ ಗಂಟು ತೆಗೆದುಕೊಂಡು ಬರುವಾಗ, ಮದ್ದೂರು ದಾಟಿದ ಮೇಲೆ ರಸ್ತೆ ರಿಪೇರಿಗೆ ಬಸ್ಸು ನಿಂತಿತು. ಪಕ್ಕದಲ್ಲಿ ಹೆಂಗಸರು ಸಾಲಾಗಿ ಕೂತು ಜಲ್ಲಿ ಒಡೆಯುತ್ತಿದ್ದರು. ಒಬ್ಬಳ ಮೈಮೇಲೆ ಕೆಂಪು ಸೀರೆ, ಮಂಡಿವರೆಗೆ ಎತ್ತಿ ಕಟ್ಟಿದ್ದಳು. ಕಲ್ಲಿನ ದೂಳು ಹತ್ತಿ ಅರ್ಧ ಬೆಳ್ಳಗಾಗಿತ್ತು. ನಾನು ಬಸ್ಸಿನಿಂದ ಹಾರಿದೆ.

"ಏನಮ್ಮ ಇದು! ರೇಷ್ಮೆ ಉಟ್ಟುಕೊಂಡು ಕಲ್ಲು ಒಡೀತಾರಾ? ಅದರ ಬೆಲೆ ಗೊತ್ತಿದೆಯಾ ನಿನಗೆ?" ಅಂತ ಕಿರುಚಿದೆ. ಬಸ್ಸಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

ಅವಳು ಸುತ್ತಿಗೆ ಕೆಳಗಿಟ್ಟಳು. "ಬೆಲೆ ಗೊತ್ತು ಸಾಬ್ರೆ. ಮಾರಾಣ ಅಂತ ಸಂತೆಗೆ ಒತ್ಕಂಡೋಗಿದ್ದೆ. ವೊಳಪೇ ಇಲ್ಲ ಅಂತ ಎಲ್ಡ್ ರೂಪಾಯ್ ಕೇಳುದ್ರು. ಎಳೆ ಸುಟ್ಟು ಅವ್ರ ಮೂಗಿಗೇ ಇಡುದ್ರೂವೆ, ಊಂ ಅಂದು ಮೂರು ಅಂದ್ರು. ಕೊಡ್ಲಿಲ್ಲ, ತಂದೆ. ಸೋಮೀ ಮದ್ವೆ ಸೀರೆ ಆಗ್ಲೇ ಪಿಸ್ದೋಯ್ತು. ನನ್ ಸಂತೆ ಸೀರೆಗಳೂ ಅರ್ದೋದ್ವು, ಮೂರ್ ತಿಂಗ್ಳು ತಡೀನಿಲ್ಲ. ಇದೊಂದು ಅರೀತಾನೇ ಇಲ್ಲ ನೋಡಿ, ಏಟ್ ಕಲ್ ಒಡುದ್ರೂವೆ. ಮಾನ ಮುಚ್ಕಬೇಕಲ್ಲ, ಇನ್ನೇನ್ ಉಡ್ಲಿ?"

ನಾನು ಕೈಯಲ್ಲಿದ್ದ ನಿನ್ನ ಗಂಟನ್ನು ಬೆನ್ನ ಹಿಂದಕ್ಕೆ ಹಿಡಿದುಕೊಂಡೆ. ಅವಳಿಗೆ ಕಾಣಿಸಿತು, ಸುತ್ತಿಗೆ ಎತ್ತಿಕೊಂಡಳು. ಬಸ್ಸಿನವನು ಹಾರ್ನ್ ಹೊಡೆದ, ಹತ್ತಿ ಬಂದೆ.

ಮುಂದಿನ ಗಂಟಿನಲ್ಲಿ ಅಂಕಮ್ಮನಿಗೆ ಎರಡು ಹತ್ತಿ ಸೀರೆ ಇಡು. ಕೈಮಗ್ಗದ್ದು, ಗಟ್ಟಿ ನೂಲಿನದು, ಬೇಗ ಹರಿಯದಂಥದ್ದು. ಅರ್ಧ ದುಡ್ಡು ನಿನ್ನದು, ಅರ್ಧ ನನ್ನದು. ಬೆಲೆ ಎಷ್ಟಾದರೂ ಆಗಲಿ, ಅಗ್ಗದ್ದು ಹಾಕಬೇಡ.

ನಜೀರ